ಬಣ್ಣದ ಮನೆಯ ಬೆಳಕು

ಹಾಸನದ ಹತ್ತಿರದ ಮೊಸಳೆ ಎಂದೊಡನೆ ದೊಡ್ಡವರಿಗೆ ನೆನಪಾಗುವುದು ಅಕ್ಕಪಕ್ಕ ನಿಂತ ಎರಡು ಹೊಯ್ಸಳ ಗುಡಿಗಳು: ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಈ ಸೀಮೆಗೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿಗೆಲ್ಲ ಇನ್ನೊಂದು ಸಿರಿಯೂ ಇದೆ. ಸುಗ್ಗಿ ಮುಗಿದು ಹಬ್ಬ ಜಾತ್ರೆ ಬಂದರೆ ಊರಿನವರೇ ಬಣ್ಣ ಹಚ್ಚಿಕೊಂಡು ಬೆಳಗಿನವರೆಗೆ ಕುರುಕ್ಷೇತ್ರ ನಾಟಕ ಆಡುತ್ತಾರೆ. ಹಗಲು ಹೊಲದಲ್ಲಿದ್ದವರು ರಾತ್ರಿ ದುರ್ಯೋಧನ, ಭೀಮ, ಶಕುನಿ. ಇದಕ್ಕೂ ಮೊದಲಿನದು ಮೂಡಲಪಾಯ ಯಕ್ಷಗಾನ. ಅದರಲ್ಲಿ ಭಾಗವತರ ಪದಕ್ಕೆ ಮದ್ದಲೆಯ ಜೊತೆ ಮುಖವೀಣೆಯೂ ದನಿಗೂಡಿಸುತ್ತದೆ.

ಮಕ್ಕಳೇ, ನಾಟಕವನ್ನು ನೀವು ಮುಂದಿನಿಂದ ನೋಡಿದ್ದೀರಿ. ಇವತ್ತು ಪರದೆಯ ಹಿಂದೆ, ಬಣ್ಣದ ಮನೆಗೆ ಹೋಗೋಣ.

ಬಯಲಾಟದ ಹಳೆಯ ಬಣ್ಣದ ಪೆಟ್ಟಿಗೆಯಲ್ಲಿ ಮುಖ್ಯವಾಗಿ ನಾಲ್ಕು ಬಣ್ಣಗಳಿದ್ದವು. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇತ, ಕಪ್ಪಿಗೆ ದೀಪದ ಕಾಡಿಗೆ. ಅರದಾಳ ಎಂದರೆ ಆರ್ಸೆನಿಕ್ ಮತ್ತು ಗಂಧಕ ಸೇರಿದ ಖನಿಜ. ಇಂಗಳೀಕದಲ್ಲಿರುವುದು ಪಾದರಸ ಮತ್ತು ಗಂಧಕ. ಎರಡೂ ಮೈಗೆ ಒಳ್ಳೆಯದಲ್ಲ. ನಮ್ಮ ಹಿರಿಯ ಕಲಾವಿದರು ಆಟದ ಮೇಲಿನ ಪ್ರೀತಿಗೆ ಇಂಥ ವಿಷದ ಕಲ್ಲುಗಳ ಪುಡಿಯನ್ನೇ ಮುಖಕ್ಕೆ ಬಳಿದುಕೊಂಡರಲ್ಲ ಎಂದು ನೆನೆದರೆ ಇವತ್ತಿಗೂ ಮನಸ್ಸು ಕಲಕುತ್ತದೆ. ಈಗ ಅಂಗಡಿಯಲ್ಲಿ ಚರ್ಮಕ್ಕೆಂದೇ ತಯಾರಿಸಿದ ಬಣ್ಣಗಳು ಸಿಗುತ್ತವೆ. ಬಿಳಿಗೆ ಸತುವಿನ ಆಕ್ಸೈಡ್ ಇದೆ, ಅದು ಅಂಥ ಅಪಾಯದ್ದಲ್ಲ.

ಬಣ್ಣವನ್ನು ನೀರಿಗಿಂತ ಹೆಚ್ಚಾಗಿ ಕೊಬ್ಬರಿ ಎಣ್ಣೆಯಲ್ಲಿ ಕಲಸುವುದೇಕೆ? ಬೆವರು ಎಂದರೆ ಬಹುಪಾಲು ನೀರು. ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲ. ಆದ್ದರಿಂದ ಕುಣಿದು ಕುಣಿದು ಬೆವರಿದರೂ ಭೀಮನ ಮೀಸೆ ಕೆನ್ನೆಗೆ ಇಳಿಯುವುದಿಲ್ಲ. ಬೆಳಿಗ್ಗೆ ಅದೇ ಕೊಬ್ಬರಿ ಎಣ್ಣೆ ಸವರಿದರೆ ಬಣ್ಣ ಸುಲಭವಾಗಿ ಬಿಟ್ಟುಕೊಳ್ಳುತ್ತದೆ.

ಈಗ ಒಂದು ಒಗಟು. ಹಗಲಲ್ಲಿ ನೋಡಿದರೆ ಕಣ್ಣಿಗೆ ರಾಚುವ ಈ ಹಳದಿ, ಕೆಂಪುಗಳನ್ನೇ ಅವರು ಏಕೆ ಆರಿಸಿಕೊಂಡರು? ಉತ್ತರ ಬೆಳಕಿನಲ್ಲಿದೆ. ಆಗ ರಂಗದ ದೀಪವೆಂದರೆ ಎಣ್ಣೆ ಕುಡಿದ ಬಟ್ಟೆಯ ಪಂಜು. ಸೂರ್ಯನ ಬೆಳಕಿನಲ್ಲಿ ಏಳು ಬಣ್ಣಗಳೂ ಧಾರಾಳವಾಗಿವೆ. ಪಂಜಿನ ಉರಿಯಲ್ಲಿ ಕೆಂಪು, ಹಳದಿ ಹೆಚ್ಚು, ನೀಲಿ ತೀರಾ ಕಡಿಮೆ. ಒಂದು ವಸ್ತು ನೀಲಿಯಾಗಿ ಕಾಣಬೇಕಾದರೆ ಬೆಳಕಿನಲ್ಲಿ ನೀಲಿ ಇರಬೇಕು, ಆ ವಸ್ತು ಅದನ್ನು ನಮ್ಮ ಕಣ್ಣಿಗೆ ಹಿಂತಿರುಗಿಸಬೇಕು. ಪಂಜಿನ ಮುಂದೆ ಗಾಢ ನೀಲಿ ಕಪ್ಪಾಗಿ ಕಾಣುತ್ತದೆ. ಅರದಾಳದ ಹಳದಿಗೆ ಬೇಕಾದ ಬೆಳಕೋ ಪಂಜಿನಲ್ಲಿ ಬೇಕಾದಷ್ಟಿದೆ, ಮುಖ ಚಿನ್ನವಾಗಿ ಹೊಳೆಯುತ್ತದೆ. ಕರೆಂಟು ಹೋದ ರಾತ್ರಿ ಮನೆಯಲ್ಲಿ ಮೇಣದಬತ್ತಿ ಹಚ್ಚಿದಾಗ ನಿಮ್ಮ ಕಡುನೀಲಿ ಅಂಗಿಯನ್ನೂ ಹಳದಿ ಅಂಗಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ನಿಮಗೇ ಕಾಣುತ್ತದೆ.

ಪಂಜಿನ ಕಾಲ ಕಳೆದು ಗ್ಯಾಸ್‌ಲೈಟು ಬಂತು. ನಿಮ್ಮ ಅಜ್ಜ ಅಜ್ಜಿಯರಿಗೆ ಅದು ಚೆನ್ನಾಗಿ ಗೊತ್ತು. ಹೆಸರು ಗ್ಯಾಸ್‌ಲೈಟಾದರೂ ಉರಿಯುವುದು ಸೀಮೆಎಣ್ಣೆ. ಪಂಪು ಹೊಡೆದರೆ ಎಣ್ಣೆ ಮೇಲೇರಿ, ಬಿಸಿ ಕೊಳವೆಯಲ್ಲಿ ಆವಿಯಾಗಿ ಉರಿಯುತ್ತದೆ. ಆದರೆ ಆ ಬೆಳ್ಳನೆ ಬೆಳಕು ಕೊಡುವುದು ಉರಿಯಲ್ಲ, ಅದರ ಮೇಲೆ ಕಟ್ಟಿದ ಪುಟ್ಟ ಚೀಲ, ಅಂದರೆ ಮ್ಯಾಂಟಲ್. ಆಸ್ಟ್ರಿಯಾದ ಕಾರ್ಲ್ ಆವರ್ ಎಂಬ ರಸಾಯನ ವಿಜ್ಞಾನಿ ಇದನ್ನು ಕಂಡುಹಿಡಿದು 1891ರ ಹೊತ್ತಿಗೆ ಒಳ್ಳೆಯ ಹದಕ್ಕೆ ತಂದರು: ನೂರು ಪಾಲಿನಲ್ಲಿ 99 ಪಾಲು ಥೋರಿಯಂ ಆಕ್ಸೈಡ್, 1 ಪಾಲು ಸೀರಿಯಂ ಆಕ್ಸೈಡ್. ಆ ಲೋಹಗಳ ಲವಣದಲ್ಲಿ ನೆನೆಸಿದ ಬಟ್ಟೆಯ ಚೀಲವನ್ನು ಮೊದಲ ಸಲ ಹೊತ್ತಿಸಿದಾಗ ಬಟ್ಟೆ ಸುಟ್ಟೇ ಹೋಗುತ್ತದೆ. ಉಳಿಯುವುದು ಅದೇ ಆಕಾರದ, ಬೂದಿಯಷ್ಟು ನಾಜೂಕಾದ ಆಕ್ಸೈಡಿನ ಬಲೆ. ಬೆರಳು ತಾಗಿದರೆ ಪುಡಿಪುಡಿ. ಗ್ಯಾಸ್‌ಲೈಟು ಹೊತ್ತು ಬರುವವರು ಅಷ್ಟು ಮೆಲ್ಲಗೆ ನಡೆಯುತ್ತಿದ್ದುದು ಅದಕ್ಕೇ. ಥೋರಿಯಂ ಸ್ವಲ್ಪ ವಿಕಿರಣ ಸೂಸುವ ಧಾತು. ಹಾಗಾಗಿ ಈಚಿನ ಎಷ್ಟೋ ಮ್ಯಾಂಟಲ್‌ಗಳಲ್ಲಿ ಅದರ ಬದಲು ಇಟ್ರಿಯಂ ಬಳಸುತ್ತಾರೆ.

ಈ ಮ್ಯಾಂಟಲ್‌ಗೊಬ್ಬ ಅಣ್ಣ ಇದ್ದ. ನಮ್ಮ ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅದಕ್ಕೂ ಮೊದಲೇ, 1837ರಲ್ಲಿ, ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಸುಣ್ಣದ ತುಂಡಿನಿಂದ ರಂಗಕ್ಕೆ ಬೆಳಕು ಚೆಲ್ಲಿದ್ದರು. ಜಲಜನಕ, ಆಮ್ಲಜನಕ ಸೇರಿಸಿ ಉರಿಸಿದ ಜ್ವಾಲೆಯನ್ನು ಸುಣ್ಣದ ಮೇಲೆ ಬಿಟ್ಟರೆ ಸುಣ್ಣ ಕರಗದೆ ಕಣ್ಣು ಕೋರೈಸುವ ಬಿಳಿ ಬೆಳಕು ಕೊಡುತ್ತದೆ. ನಾವು ಗೋಡೆಗೆ ಬಳಿಯುವ, ಎಲೆಯಡಿಕೆಗೆ ಸವರುವ ಸುಣ್ಣವೂ ಅದೇ ಸುಟ್ಟ ಸುಣ್ಣಕ್ಕೆ ನೀರು ಹಾಕಿ ಮಾಡಿದ್ದು!

ಇನ್ನು ರಾಕ್ಷಸನ ಪ್ರವೇಶ. ಪಂಜಿನ ಮೇಲೆ ರಾಳದ ಪುಡಿ ಎರಚುತ್ತಾರೆ, ಭಗ್ ಎಂದು ಬೆಂಕಿಯ ಮೋಡ ಏಳುತ್ತದೆ. ರಾಳ ಎಂದರೆ ಒಣಗಿದ ಮರದ ಅಂಟು. ಗಟ್ಟಿ ರಾಳ ನಿಧಾನವಾಗಿ ಉರಿಯುತ್ತದೆ, ಪುಡಿ ಮಾತ್ರ ಹೀಗೇಕೆ? ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ರಾಳದ ಗಟ್ಟಿಯ ಹೊರಮೈ 6 ಚದರ ಸೆಂಟಿಮೀಟರ್. ಅದನ್ನು ಮಿಲಿಮೀಟರಿನ ಹತ್ತನೇ ಒಂದರಷ್ಟು ಸಣ್ಣ ಘನಗಳಾಗಿ ಕತ್ತರಿಸಿದರೆ 10 ಲಕ್ಷ ಚೂರುಗಳಾಗುತ್ತವೆ, ಅವುಗಳ ಒಟ್ಟು ಹೊರಮೈ 600 ಚದರ ಸೆಂಟಿಮೀಟರ್. ಗಾಳಿಯಲ್ಲಿರುವ ಆಮ್ಲಜನಕಕ್ಕೆ ನೂರು ಪಟ್ಟು ಜಾಗ ಸಿಕ್ಕಿತು, ಎಲ್ಲ ಚೂರುಗಳೂ ಒಟ್ಟಿಗೆ ಹತ್ತಿಕೊಂಡವು. ಹಿಟ್ಟಿನ ದೂಳಿಗೂ ಇದೇ ಗುಣ ಇರುವುದರಿಂದ ಹಿಟ್ಟಿನ ಗಿರಣಿಗಳಲ್ಲಿ ಬೆಂಕಿಯ ಬಗ್ಗೆ ಬಹಳ ಎಚ್ಚರ ಬೇಕು. ಇದನ್ನು ನೀವು ಮಾತ್ರ ಎಂದೂ ಮಾಡಿ ನೋಡಬೇಡಿ. ಪಳಗಿದ ಕೈಗಳನ್ನೂ ಅದು ಸುಟ್ಟೀತು.

ಗುಡುಗಿಗೆ ದೊಡ್ಡ ತಗಡೊಂದನ್ನು ನೇತುಹಾಕಿ ಅಲುಗಿಸಿದರೆ ಸಾಕು. ಜಾಣ್ಮೆ ಇರುವುದು ಹೊತ್ತು ನೋಡಿ ಅಲುಗಿಸುವುದರಲ್ಲಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು, ಬೆಳಕು ಕಣ್ಣು ಮಿಟುಕಿಸುವ ಮೊದಲೇ ಬಂದಿರುತ್ತದೆ. ಮಿಂಚು ಹೊಳೆದು ಸ್ವಲ್ಪ ತಡೆದು ತಗಡು ಅಲುಗಿಸಿದರೆ ಮಳೆ ದೂರದಲ್ಲಿದೆ ಎನಿಸುತ್ತದೆ, ಎರಡೂ ಒಟ್ಟಿಗೆ ಬಂದರೆ ಸಿಡಿಲು ನಮ್ಮ ನೆತ್ತಿಯ ಮೇಲೇ ಬಿದ್ದಂತೆ.

ಮುಂದಿನ ಸಲ ನಿಮ್ಮೂರಲ್ಲಿ ನಾಟಕ ಇದ್ದಾಗ ಸಂಜೆಯೇ ಹೋಗಿ, ಬಣ್ಣ ಹಚ್ಚುವವರ ಅಪ್ಪಣೆ ಕೇಳಿ ಒಂದು ಮೂಲೆಯಲ್ಲಿ ಕುಳಿತು ನೋಡಿ. ಯಾವ ಬಣ್ಣ ಯಾವುದರಿಂದ ಆಗಿದೆ ಎಂದು ಕೇಳಿ, ಹಿರಿಯರು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.