ಕಲ್ಲಾದ ಗೂಡು ಹೇಳಿದ ಕಥೆ



ಗುಜರಾತಿನ ಧೋಳಿ ಡುಂಗ್ರಿ ಎಂಬ ಹಳ್ಳಿಯ ಬಳಿ 1980ರ ದಶಕದಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅವರಿಗೆ ಡೈನೋಸಾರ್ ಮೊಟ್ಟೆಗಳಿದ್ದ ಕಲ್ಲು ದೊರೆಯಿತು. ಅದರಲ್ಲಿದ್ದ ಮೂಳೆಗಳೆಲ್ಲ ಡೈನೋಸಾರ್ ಮರಿಯವೆಂದೇ ಮೊದಲು ತಿಳಿಯಲಾಗಿತ್ತು. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ಅದೇ ಕಲ್ಲನ್ನು ಪರಿಶೀಲಿಸಿ, ಕೆಲವು ಮೂಳೆಗಳು ಹಾವಿನವೆಂದು ಗುರುತಿಸಿದರು. ಸುಮಾರು ಮೂರೂವರೆ ಮೀಟರ್ ಉದ್ದದ ಹಾವು ಒಡೆದ ಮೊಟ್ಟೆಯನ್ನು ಸುತ್ತಿ ಮಲಗಿತ್ತು. ಪಕ್ಕದಲ್ಲೇ ಆಗತಾನೆ ಹೊರಬಂದ ಮರಿ! 2010ರಲ್ಲಿ ಆ ಹಾವಿಗೆ ‘ಸನಾಜೆ ಇಂಡಿಕಸ್’ ಎಂದು ಹೆಸರಿಡಲಾಯಿತು.

ಯಾರಾದರೂ ಆ ಮೊಟ್ಟೆಯನ್ನಷ್ಟೇ ಕಿತ್ತು ಮಾರಿದ್ದರೆ? ಕೊಂಡವರ ಮನೆಯಲ್ಲಿ ಒಂದು ದುಂಡುಕಲ್ಲು ಉಳಿಯುತ್ತಿತ್ತು, ಕಥೆ ಉಳಿಯುತ್ತಿರಲಿಲ್ಲ. ಹಿಂದುಮುಂದಿನ ದೃಶ್ಯಗಳಿಂದ ಕತ್ತರಿಸಿದ ತುಣುಕು ಏನನ್ನೂ ಹೇಳದೆಂಬುದು ದೂರದರ್ಶನದಲ್ಲಿ ದುಡಿಯುವ ನಮಗೆ ಚೆನ್ನಾಗಿ ಗೊತ್ತು. ಪಳೆಯುಳಿಕೆಯೂ ಹಾಗೆಯೇ. ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತೆಂಬುದೂ ಸಾಕ್ಷ್ಯವೇ.

ಬಾಲಾಸಿನೋರ್ ಸಮೀಪದ ರೈಯೋಲಿಯಲ್ಲಿ ಇಂಥ ನೆಲವನ್ನು ಕಾಯ್ದಿರಿಸಿ, 2019ರಲ್ಲಿ ವಸ್ತುಸಂಗ್ರಹಾಲಯವನ್ನೂ ತೆರೆಯಲಾಯಿತು. ಆದರೆ ಎಲ್ಲ ಬಂಡೆಗೂ ಬೇಲಿ ಹಾಕಲಾದೀತೆ? ಸುಣ್ಣಕಲ್ಲು ಸಿಮೆಂಟಿಗೂ ಬೇಕು. ಗಣಿಯನ್ನೇ ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ; ಅಗೆಯುವಾಗಲೇ ಎಷ್ಟೋ ಪಳೆಯುಳಿಕೆಗಳು ಕಣ್ಣಿಗೆ ಬೀಳುತ್ತವೆ. ಬಿದ್ದಾಗ ಕೆಲಸ ತಡೆದು ತಜ್ಞರನ್ನು ಕರೆಸಬೇಕು, ಅಷ್ಟೆ.

ಪ್ರವಾಸದಲ್ಲಿ ಪಳೆಯುಳಿಕೆ ಕಂಡರೆ ಕೀಳಬೇಡಿ, ಮಾರಾಟಕ್ಕಿದ್ದರೆ ಕೊಳ್ಳಬೇಡಿ. ಪಕ್ಕದಲ್ಲೊಂದು ಪೆನ್ನಿಟ್ಟು ಫೋಟೋ ತೆಗೆಯಿರಿ, ಸ್ಥಳ ಬರೆದಿಟ್ಟುಕೊಳ್ಳಿ, ಭೂವಿಜ್ಞಾನದ ಅಧ್ಯಾಪಕರಿಗೆ ತಿಳಿಸಿ. ಕೋಟಿಗಟ್ಟಲೆ ವರ್ಷ ಕಾದಿರುವ ಕಲ್ಲು ಅವರು ಬರುವತನಕ ಕಾಯುತ್ತದೆ. ನಾವು ಮುಟ್ಟದಿದ್ದರೆ ಸಾಕು.