ಗಣಿಯ ಕಸವೂ ಅನ್ನದ ನೆಲವೂ

 

ದಾಸೋಹದ ಮನೆಯಲ್ಲಿ ಅನ್ನದ ಮಾತು ಹೊರಗಿನದಲ್ಲ. ಅನ್ನವು ನೆಲದಿಂದ ಬರತಕ್ಕದ್ದು. ಆದಕಾರಣ ನೆಲದಲ್ಲಿ ಸೇರಿದುದು ಅನ್ನದಲ್ಲಿಯೂ ಸೇರತಕ್ಕದ್ದು. ಲೋಹದ ಗಣಿಗಳ ಕಸ ಬಿದ್ದ ಭೂಮಿಯ ವಿಷಯದಲ್ಲಿ ಇದು ಎಷ್ಟು ನಿಜವೆಂಬುದನ್ನು ಈ ದಿನ ಅರಿಕೆಮಾಡಿಕೊಳ್ಳುವೆನು.

ಕೋಲಾರದ ಚಿನ್ನದ ಗಣಿಗಳನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. 1880ರಿಂದ ಜಾನ್ ಟೇಲರ್ ಕಂಪನಿಯವರು ನಡೆಸಿದ ಆ ಗಣಿಗಳು ಮುಂದೆ ಸರಕಾರದ ಕೈಸೇರಿ, 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನವು ಹೊರಟುಹೋಯಿತು, ಕಸವು ಊರಿನಲ್ಲಿಯೇ ನಿಂತಿತು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಮಿಕ್ಕ ಹುಡಿಯನ್ನು ಜನವಸತಿಯ ಮಗ್ಗುಲಲ್ಲಿಯೇ ಸುರಿಯಲಾಯಿತು. ಇಂತಹ 13 ದಿಬ್ಬಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ನು ಹುಡಿಯಿದೆ.

ಜನರು ಇವನ್ನು ಸೈನೈಡ್ ದಿಬ್ಬಗಳೆಂದು ಕರೆದು ಆ ಹೆಸರಿಗೇ ಅಂಜುವರು. ಆದರೆ ಸೈನೈಡು ಬಿಸಿಲು ಗಾಳಿಗಳಿಗೆ ಸಿಕ್ಕಿ ಕಾಲಕ್ರಮದಲ್ಲಿ ಬಹುಮಟ್ಟಿಗೆ ಒಡೆದುಹೋಗುವ ವಸ್ತು. ಲೋಹವು ಹಾಗಲ್ಲ, ಅದು ಕೊಳೆಯದು, ಸುಟ್ಟರೂ ನಾಶವಾಗದು. ಅದಿರಿನಲ್ಲಿ ಗಂಧಕದೊಡನೆ ಕೂಡಿದ ಖನಿಜಗಳಿದ್ದರೆ, ಮಳೆಗಾಳಿಗಳ ಸಂಪರ್ಕದಿಂದ ಅವು ಆಮ್ಲವನ್ನು ಹುಟ್ಟಿಸುವುವು. ಆ ಆಮ್ಲದಲ್ಲಿ ಲೋಹಗಳು ಕರಗಿ ತಗ್ಗಿನ ಹೊಲ ಕೆರೆಗಳಿಗೆ ಇಳಿಯುವುವು. ಬೇಸಗೆಯಲ್ಲಿ ಹುಡಿಯು ಗಾಳಿಯನ್ನೇರಿ ಬೆಳೆಯ ಎಲೆಗಳ ಮೇಲೆ ಕೂರುವುದು.

ಗಿಡಕ್ಕೆ ಒಳ್ಳೆಯದು ಕೆಟ್ಟದ್ದೆಂಬ ವಿವೇಚನೆಯು ಪೂರ್ಣವಾಗಿಲ್ಲ. ಕ್ಯಾಡ್ಮಿಯಮ್ಮು ಸತುವನ್ನು ಹೋಲುವುದರಿಂದ ಸತುವಿನ ದಾರಿಯಲ್ಲಿಯೇ ಬೇರನ್ನು ಹೊಗುವುದು. ಪಾಷಾಣವೆನಿಸುವ ಆರ್ಸೆನಿಕ್ಕು ರಂಜಕದ ದಾರಿಯನ್ನು ಹಿಡಿಯುವುದು. ಸೀಸವು ಬಹುಪಾಲು ಬೇರಿನಲ್ಲಿಯೇ ನಿಲ್ಲುವುದು. ಸಾಮಾನ್ಯವಾಗಿ ಸೊಪ್ಪು ಗೆಡ್ಡೆಗಳಲ್ಲಿ ಇವು ಹೆಚ್ಚು, ಕಾಯಿ ಹಣ್ಣುಗಳಲ್ಲಿ ಕಡಿಮೆ. ಇಷ್ಟಾದರೂ ಪೈರು ಹಸುರಾಗಿಯೇ ಇರಬಹುದು. ಹಸುರಾದುದೆಲ್ಲ ಶುದ್ಧವೆಂದು ತಿಳಿಯತಕ್ಕದ್ದಲ್ಲ.

ಇದರ ಫಲವನ್ನು ಜಪಾನ್ ದೇಶದವರು ಉಂಡು ಅರಿತರು. ಅಲ್ಲಿಯ ಕಮಿಯೋಕಾ ಗಣಿಯಿಂದ ಹೊರಬಿದ್ದ ಕ್ಯಾಡ್ಮಿಯಮ್ಮು ಜಿನ್‌ಜು ಎಂಬ ನದಿಯಲ್ಲಿ ಹರಿದು ತೊಯಾಮಾ ಪ್ರಾಂತದ ಗದ್ದೆಗಳಿಗೂ, ಅಲ್ಲಿಂದ ಅಕ್ಕಿಗೂ ಸೇರಿತು. ಉಂಡವರ, ವಿಶೇಷವಾಗಿ ವಯಸ್ಸಾದ ಹೆಂಗಸರ, ಮೂಳೆಗಳು ಮೆತ್ತಗಾಗಿ ಮುರಿದವು. ಅವರ ನರಳಾಟದ ಕೂಗಾದ ‘ಇಟಾಯಿ, ಇಟಾಯಿ’, ಎಂದರೆ ‘ನೋವು, ನೋವು’ ಎಂಬುದೇ ರೋಗದ ಹೆಸರಾಯಿತು. ಕಾರಣವನ್ನು ಸರಕಾರವು ಒಪ್ಪಿದುದು 1968ರಲ್ಲಿ. ಕೆಟ್ಟ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕಾರ್ಯವು 1979ರಲ್ಲಿ ತೊಡಗಿ 2012ರಲ್ಲಿ ಮುಗಿಯಿತು. 860 ಹೆಕ್ಟೇರಿಗೂ ಮಿಕ್ಕ ನೆಲಕ್ಕೆ 33 ವರ್ಷ!

ಪರಿಹಾರವೇ ಇಲ್ಲವೆಂದಲ್ಲ. ಆಮ್ಲದ ಮಣ್ಣಿಗೆ ಸುಣ್ಣವನ್ನು ಬೆರಸಿದರೆ ಸೀಸ, ಕ್ಯಾಡ್ಮಿಯಮ್ಮುಗಳು ಬೇರಿಗೆ ಸುಲಭವಾಗಿ ಸಿಕ್ಕವು. ಆರ್ಸೆನಿಕ್ಕನ್ನು ವಿಶೇಷವಾಗಿ ಹೀರಿಕೊಳ್ಳುವ ಒಂದು ಜರೀಗಿಡವನ್ನು 2001ರಲ್ಲಿ ಅಮೆರಿಕದ ವಿದ್ವಾಂಸರು ಪ್ರಕಟಪಡಿಸಿದರು. ಆದರೆ ಹೀರಿದ ಗಿಡವೇ ವಿಷದ ಪಾತ್ರೆಯಾಗುವುದು. ಅದನ್ನು ದನ ಮೇಯದಂತೆ ಕಾದು, ಕೊಯ್ದು, ಬೇರೆಯಾಗಿ ವಿಲೇವಾರಿ ಮಾಡಬೇಕು.

2024ರ ಜೂನ್ ತಿಂಗಳಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ಆ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯಲು ಸಮ್ಮತಿಸಿತು. ಅಗೆಯುವಾಗ ಏಳುವ ಹುಡಿಗೆ ತಡೆಯೇನು? ಚಿನ್ನ ತೆಗೆದ ಮೇಲೆ ಉಳಿವ ಕಸಕ್ಕೆ ನೆಲೆಯೆಲ್ಲಿ? ತಗ್ಗಿನ ರೈತನ ಮಣ್ಣು, ಬಾವಿ, ಸೊಪ್ಪುಗಳನ್ನು ಪರೀಕ್ಷಿಸಿ ಅವನಿಗೆ ತಿಳಿಸುವವರಾರು? ಚಿನ್ನವನ್ನು ಹಿಂದೆ ಗುಲಗಂಜಿಯಿಂದ ತೂಗುತ್ತಿದ್ದ ನಾವು ಈ ಮೂರು ಪ್ರಶ್ನೆಗಳನ್ನು ಅಗೆತಕ್ಕೆ ಮುನ್ನವೇ ಕೇಳತಕ್ಕದ್ದು. ಗಣಿಯ ಸಮೀಪದ ಗ್ರಾಮಗಳಲ್ಲಿರುವ ಭಕ್ತರು ದಿಬ್ಬದ ಹುಡಿಯನ್ನು ಹೊಲಕ್ಕಾಗಲಿ ಮನೆಗಾಗಲಿ ತರಬಾರದು. ದನಗಳನ್ನು ಅಲ್ಲಿ ಮೇಯಿಸಬಾರದು. ಮಣ್ಣನ್ನು ಪರೀಕ್ಷೆಗೆ ಕಳುಹಿಸದೆ ಸೊಪ್ಪನ್ನು ಬೆಳೆಯಬಾರದು. ಉಣಬಡಿಸುವ ಅನ್ನವು ನಿರ್ವಿಷವಾಗಿರಬೇಕೆಂಬುದು ದಾಸೋಹದ ಮೊದಲ ಮರ್ಯಾದೆ.