ಹೆಸರು ಹಾಕಬೇಡಿ ಅನ್ನೋರ ಪರವಾಗಿ ಒಂದಿಷ್ಟು ಮಾತು

(ಗಡಿ ತಾಲೂಕುಗಳ ಕನ್ನಡ ಯುವಜನರ ಮುಂದೆ ಆಡಿದ ಮಾತುಗಳ ಬರಹರೂಪ)



ಮಂಜೇಶ್ವರದವರು ಇದ್ದೀರಿ, ತಾಳವಾಡಿಯವರು ಇದ್ದೀರಿ, ಅಕ್ಕಲಕೋಟೆ, ಜತ್ತ, ಆದೋನಿ ಕಡೆಯಿಂದ ರಾತ್ರಿಯೆಲ್ಲಾ ಬಸ್ಸಲ್ಲಿ ಕೂತು ಬಂದವರೂ ಇದ್ದೀರಿ. ನಿದ್ದೆ ಬಂದರೆ ಬೇಜಾರಿಲ್ಲ, ಗೊರಕೆ ಹೊಡೀಬೇಡಿ ಅಷ್ಟೆ.

ನಮ್ಮ ಪುಟಕ್ಕೆ ಬರುವ ಸಂದೇಶಗಳಲ್ಲಿ ಬಹಳಷ್ಟು ಒಂದೇ ಸಾಲಿನಿಂದ ಮುಗಿಯುತ್ತವೆ: "ದಯವಿಟ್ಟು ನನ್ನ ಹೆಸರು ಹಾಕಬೇಡಿ." ಶಾಲೆಯಲ್ಲಿ ಕನ್ನಡದ ಮೇಷ್ಟ್ರಿಲ್ಲ ಅಂತ ಬರೀತಾರೆ, ಹೆಸರು ಹಾಕಬೇಡಿ ಅಂತಾರೆ. ಅರ್ಜಿ ನಮೂನೆ ಕನ್ನಡದಲ್ಲಿ ಸಿಗಲಿಲ್ಲ ಅಂತ ಫೋಟೋ ಕಳಿಸ್ತಾರೆ, ನಂಬರ್ ಅಳಿಸಿ ಅಂತಾರೆ. ಇದನ್ನು ನೋಡಿ ಕೆಲವು ಹಿರಿಯರು ನಮಗೆ ಹೇಳೋದುಂಟು: "ಈಗಿನ ಹುಡುಗರಿಗೆ ಧೈರ್ಯ ಇಲ್ಲ. ನಮ್ಮ ಕಾಲದಲ್ಲಿ ಬೀದಿಗಿಳಿದು ಕೂಗಿದ್ವಿ." ಅವರ ಮೇಲೆ ನಮಗೆ ಗೌರವ ಇದೆ. ಆದರೆ ಈ ಮಾತನ್ನು ನಾವು ಒಪ್ಪೋದಿಲ್ಲ.

ಬೆಂಗಳೂರಿನಲ್ಲಿ ಕೂತು ಕನ್ನಡದ ಪರ ಬರೆಯೋನಿಗೆ ಸುತ್ತ ಕೋಟಿ ಜನ ಇದ್ದಾರೆ. ಆ ಗುಂಪಿನಲ್ಲಿ ಅವನ ಹೆಸರು ಕರಗಿ ಹೋಗುತ್ತೆ. ನಮ್ಮ ಕಡೆ ಹಾಗಲ್ಲ. ಹೆಸರಿನ ಹಿಂದೆ ಮನೆಯ ಹೆಸರು, ಅದರ ಹಿಂದೆ ಊರು, ಅಪ್ಪ ಯಾರು, ಅಣ್ಣ ಎಲ್ಲಿ ಕೆಲಸಕ್ಕಿದ್ದಾನೆ, ಎಲ್ಲಾ ಒಂದು ಚಹಾ ಕುಡಿಯೋದ್ರೊಳಗೆ ಗೊತ್ತಾಗಿಬಿಡುತ್ತೆ. ಇನ್ನೂ ಒಂದು ಇದೆ. ಹೆಸರೇ ಹಾಕದಿದ್ದರೂ ಕನ್ನಡದಲ್ಲಿ ಬರೆದಿದ್ದೇ ಗುರುತಾಗಿಬಿಡುತ್ತೆ. ಒಂದು ಕಾಲೇಜಿನ ತರಗತಿಯಲ್ಲಿ ಕನ್ನಡ ಓದೋರು ಮೂರೇ ಜನ ಇದ್ದರೆ, ಆ ತರಗತಿ ಬಗ್ಗೆ ಕನ್ನಡದಲ್ಲಿ ಬಂದ ದೂರು ಯಾರದ್ದು ಅಂತ ಹುಡುಕೋಕೆ ಪೊಲೀಸರೇ ಬೇಕಾ? ಆ ಮೂವರಲ್ಲೊಬ್ಬಳ ಅಕ್ಕ ಅದೇ ಪಂಚಾಯಿತಿಯಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದರೆ, ಆ ಹುಡುಗಿ ಬಾಯಿ ಮುಚ್ಚಿಕೊಳ್ಳೋದು ಪುಕ್ಕಲುತನ ಅಲ್ಲ, ಲೆಕ್ಕಾಚಾರ.

ಹೆಸರು ಮುಚ್ಚಿಟ್ಟು ಬರೆಯೋದು ಕನ್ನಡಕ್ಕೆ ಹೊಸದೂ ಅಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ ಅನ್ನೋ ಶಾಲಾ ಶಿಕ್ಷಕ ಉಡುಪಿಯಲ್ಲಿ ಕೂತು ಬರೆದ ಕೃತಿಗಳನ್ನು ಮುದ್ದಣ ಅನ್ನೋ ಹಳೆಯ ಕವಿಯದ್ದು ಅಂತ ಹೇಳಿ ಮೈಸೂರಿಗೆ ಕಳಿಸಿದರು. ಅಚ್ಚಾಯಿತು, ಪಂಡಿತರು ಮೆಚ್ಚಿದರು. 1901ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲೇ, ಅವರು ತೀರಿಕೊಂಡರು. ಇವತ್ತು ಲಕ್ಷ್ಮೀನಾರಣಪ್ಪ ಅಂದ್ರೆ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಗುತ್ತೆ? ಮುದ್ದಣ ಅಂದ್ರೆ ಎಲ್ಲರಿಗೂ ಗೊತ್ತು.

ಈಗ ಕಾನೂನಿನ ಮಾತಿಗೆ ಬರೋಣ. ಬೇಜಾರಿನ ವಿಷಯ ಅನ್ಕೋಬೇಡಿ, ಇದರಲ್ಲಿ ನಮ್ಮ ನೆರೆಹೊರೆಯ ಕತೆಗಳೇ ತುಂಬಿವೆ.

2012ರ ನವೆಂಬರ್. ಬಾಳ್ ಠಾಕ್ರೆಯವರು ತೀರಿಕೊಂಡಾಗ ಮುಂಬೈ ಬಂದ್ ಆಯಿತು. ಯಾಕೆ ಬಂದ್ ಮಾಡಬೇಕು ಅಂತ ಮಹಾರಾಷ್ಟ್ರದ ಪಾಲ್ಘರ್‌ನ ಒಬ್ಬ ಯುವತಿ ಫೇಸ್‌ಬುಕ್‌ನಲ್ಲಿ ಬರೆದಳು. ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಲೈಕ್ ಒತ್ತಿದ್ದಕ್ಕೆ! ಆಗ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 66ಎ ಅನ್ನೋ ಕಲಂ ಇತ್ತು. ಯಾರಿಗಾದರೂ ಕಿರಿಕಿರಿ ಆಗುವಂಥದ್ದು ಬರೆದರೂ ಮೂರು ವರ್ಷದವರೆಗೆ ಜೈಲು ಹಾಕುವಷ್ಟು ಸಡಿಲವಾದ ಮಾತು ಅದರಲ್ಲಿತ್ತು. ಶ್ರೇಯಾ ಸಿಂಘಾಲ್ ಅನ್ನೋ ಕಾನೂನು ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಕೋರ್ಟು ಆ ಕಲಮನ್ನೇ ಹೊಡೆದುಹಾಕಿತು. ಅದೇ ತೀರ್ಪಿನಲ್ಲಿ ಕೇರಳ ಪೊಲೀಸ್ ಕಾಯ್ದೆಯ 118(ಡಿ) ಕೂಡ ಬಿದ್ದುಹೋಯಿತು. ಕಾಸರಗೋಡಿನ ಹುಡುಗರು ಇದನ್ನು ವಿಶೇಷವಾಗಿ ನೆನಪಿಟ್ಟುಕೊಳ್ಳಿ. ಯಾಕಂದ್ರೆ 2020ರ ನವೆಂಬರ್‌ನಲ್ಲಿ ಕೇರಳ ಸರ್ಕಾರ 118ಎ ಅಂತ ಹೊಸದನ್ನು ಸುಗ್ರೀವಾಜ್ಞೆ ಮೂಲಕ ತಂದಿತು, ಮತ್ತೆ ಮೂರು ವರ್ಷದ ಶಿಕ್ಷೆ. ಎಲ್ಲಾ ಕಡೆಯಿಂದ ವಿರೋಧ ಬಂತು, ಕೆಲವೇ ದಿನಗಳಲ್ಲಿ ವಾಪಸ್ ತಗೊಂಡರು. ಆ ವಿರೋಧ ಮಾಡಿದವರಲ್ಲಿ ಹೆಚ್ಚಿನವರು ಮಲಯಾಳಿಗಳು. ಅವರು ಗೆದ್ದಿದ್ದು ನಮಗೂ ಸಿಕ್ಕಿತು. ಇದನ್ನು ಮರೆಯಬಾರದು.

ಸತ್ತ ಕಾನೂನು ಕೂಡ ಓಡಾಡುತ್ತೆ, ಅದೂ ಗೊತ್ತಿರಲಿ. 66ಎ ರದ್ದಾದ ಮೇಲೂ ಪೊಲೀಸ್ ಠಾಣೆಗಳಲ್ಲಿ ಅದರಡಿ ಕೇಸು ಹಾಕ್ತಾನೇ ಇದ್ದರು. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಬೇಕಾಯಿತು, ಇದರಡಿ ಯಾರ ಮೇಲೂ ಕೇಸು ನಡೆಸಬೇಡಿ ಅಂತ. ಹಾಗಾಗಿ ಯಾರಾದರೂ ನಿಮ್ಮನ್ನು "ಐಟಿ ಆಕ್ಟ್ ಹಾಕಿಸ್ತೀನಿ" ಅಂತ ಹೆದರಿಸಿದರೆ, ಯಾವ ಕಲಂ ಅಂತ ಮೆಲ್ಲಗೆ ಕೇಳಿ.

ಖಾಸಗಿತನದ ಕತೆ ಇನ್ನೂ ಹತ್ತಿರದ್ದು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತಲ್ಲ, ಆ ಕೇಸು ಯಾರ ಹೆಸರಿನಲ್ಲಿದೆ? ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದಾಗ ವಯಸ್ಸು ಎಂಬತ್ತೈದು ದಾಟಿತ್ತು. ಆ ವಯಸ್ಸಿನಲ್ಲಿ ನಮ್ಮ ಅಜ್ಜಂದಿರು ಪಿಂಚಣಿ ಪುಸ್ತಕ ಹುಡುಕ್ತಾ ಇರ್ತಾರೆ. 2024ರಲ್ಲಿ ತೀರಿಕೊಂಡರು. ಇನ್ನೊಂದು ಕೇಸು ಹುಡುಗಿಯರಿಗೆ: ಕೋಯಿಕ್ಕೋಡ್ ಜಿಲ್ಲೆಯ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ಸಂಜೆ ಹೊತ್ತು ಫೋನ್ ಬಳಸಬಾರದು ಅಂತ ನಿಯಮ. ಒಬ್ಬ ವಿದ್ಯಾರ್ಥಿನಿ ಒಪ್ಪಲಿಲ್ಲ, ಹೊರಗೆ ಹಾಕಿದರು. 2019ರಲ್ಲಿ ಕೇರಳ ಹೈಕೋರ್ಟು ಇಂಟರ್ನೆಟ್ ಬಳಸೋದು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಅಂತ ಹೇಳಿ ಅವಳನ್ನು ವಾಪಸ್ ಸೇರಿಸಿಕೊಳ್ಳೋಕೆ ಹೇಳಿತು.

ವಾಟ್ಸಾಪ್ ಗ್ರೂಪ್ ಅಡ್ಮಿನ್‌ಗಳು ಎಷ್ಟು ಜನ ಇದ್ದೀರಿ? ಹೋ, ಎಲ್ಲರೂ! ಹಾಗಾದ್ರೆ ಕೇಳಿ. ಗ್ರೂಪಿನಲ್ಲಿ ಬೇರೆ ಯಾರೋ ಹಾಕಿದ್ದಕ್ಕೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಅಪರಾಧಿ ಆಗೋದಿಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ಹೇಳಿವೆ. ನೀವೇ ಹಾಕಿದ್ದರೆ, ಇಲ್ಲಾ ಸೇರಿ ಸಂಚು ಮಾಡಿದ್ದರೆ ಅದು ಬೇರೆ ಮಾತು.

ಇಷ್ಟು ಹೇಳಿ ಬಿಟ್ಟರೆ ನಾವು ಅರ್ಧ ಸತ್ಯ ಹೇಳಿದ ಹಾಗೆ. ಹೆಸರು ಮುಚ್ಚೋದು ಒಂದು, ಇನ್ನೊಬ್ಬರ ಹೆಸರು ಹಾಕಿಕೊಳ್ಳೋದು ಇನ್ನೊಂದು. "ಗಡಿನಾಡ ಗುಬ್ಬಿ" ಅಂತ ಖಾತೆ ತೆರೆಯಿರಿ, ತಪ್ಪಿಲ್ಲ. ಹೆಡ್‌ಮಾಸ್ತರ ಹೆಸರು, ಫೋಟೋ ಹಾಕಿ ಖಾತೆ ತೆರೆದು ಅವರಂತೆ ನಂಬಿಸಿ ಮೋಸ ಮಾಡಿದರೆ 66ಡಿ ಕಲಂ ಇದೆ, ಮೂರು ವರ್ಷದವರೆಗೆ ಜೈಲು, ಅದು ರದ್ದಾಗಿಲ್ಲ. ಇನ್ನೊಂದು ನಮಗೆ ನೇರವಾಗಿ ತಟ್ಟುವ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 196: ಧರ್ಮ, ಜಾತಿ, ಹುಟ್ಟಿದ ಊರು ಇವುಗಳ ಜೊತೆಗೆ ಭಾಷೆಯ ಹೆಸರಿನಲ್ಲಿ ದ್ವೇಷ ಹುಟ್ಟಿಸಿದರೂ ಅಪರಾಧ. "ಈ ಆದೇಶ ತಪ್ಪು, ಕನ್ನಡ ಮಕ್ಕಳಿಗೆ ಅನ್ಯಾಯ" ಅಂತ ಬರೆಯೋದು ನಿಮ್ಮ ಹಕ್ಕು. "ಈ ಭಾಷೆಯೋರೆಲ್ಲಾ ಹೀಗೇ" ಅಂತ ಶುರು ಮಾಡಿದಿರೋ, ಹೆಸರು ಮುಚ್ಚಿದ್ದರೂ ನಾವು ನಿಮ್ಮ ಪರ ನಿಲ್ಲೋದಿಲ್ಲ. ಕಾನೂನಿಗೆ ಹೆದರಿ ಹೇಳ್ತಿಲ್ಲ. ಪಕ್ಕದ ಮನೆಯ ಮಲಯಾಳಿ ಚೇಚಿ, ಮರಾಠಿ ಮೌಶಿ ಇವರ ಜೊತೆ ನಾವು ಬದುಕಬೇಕು, ಬದುಕಿದ್ದೇವೆ.

ಮುಚ್ಚಿದ ಹೆಸರು ಯಾರಿಂದ ಕಾಪಾಡುತ್ತೆ ಅನ್ನೋದನ್ನೂ ಸರಿಯಾಗಿ ತಿಳ್ಕೋಬೇಕು. ಊರಿನವರಿಂದ, ಕಚೇರಿಯ ಗುಮಾಸ್ತರಿಂದ ಕಾಪಾಡುತ್ತೆ. ಪೊಲೀಸರು ಕಾನೂನು ಪ್ರಕಾರ ಕಂಪನಿಯನ್ನು ಕೇಳಿದರೆ ಖಾತೆಯ ಹಿಂದಿನ ಫೋನ್ ನಂಬರ್ ಸಿಗುತ್ತೆ, ಆ ಸಿಮ್ಮಿಗೆ ನೀವೇ ದಾಖಲೆ ಕೊಟ್ಟಿದ್ದೀರಿ. ವಾಟ್ಸಾಪ್ ಸಂದೇಶ ದಾರಿಯಲ್ಲಿ ಯಾರೂ ಓದೋಕಾಗಲ್ಲ, ಕಂಪನಿಗೂ ಆಗಲ್ಲ. ಮೊದಲು ಕಳಿಸಿದವರು ಯಾರು ಅಂತ ಹೇಳಲೇಬೇಕು ಅನ್ನೋ 2021ರ ಕೇಂದ್ರದ ನಿಯಮದ ವಿರುದ್ಧ ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಗಿದೆ. ಈ ಬೀಗ ಒಡೀಲೇಬೇಕು ಅಂದರೆ ದೇಶ ಬಿಟ್ಟು ಹೋಗ್ತೀವಿ ಅಂತ 2024ರಲ್ಲಿ ಅವರ ವಕೀಲರು ಅಲ್ಲೇ ಹೇಳಿದರು. ಅದೆಲ್ಲಾ ದೊಡ್ಡವರ ಜಗಳ. ನಮ್ಮ ಊರುಗಳಲ್ಲಿ ಗುಟ್ಟು ಹೊರಬೀಳೋದು ಸ್ಕ್ರೀನ್‌ಶಾಟಿನಿಂದ. ನೂರು ಜನರ ಗ್ರೂಪಿನಲ್ಲಿ ಬರೆದದ್ದು ಗುಟ್ಟಲ್ಲ. ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರೂ ಪ್ರತಿಯೊಬ್ಬರಿಗೂ ಕಾಣುತ್ತೆ.

ಈಗ ನಮಗೆ ನಿಜವಾಗಿ ತಲೆಬಿಸಿಯಾಗಿರುವ ವಿಷಯ. ಖಾಸಗಿತನದ ಹೆಸರಿನಲ್ಲೇ ನಮ್ಮ ಬಾಯಿ ಮುಚ್ಚಿಸುವ ಒಂದು ದಾರಿ ತೆರೆದುಕೊಂಡಿದೆ.

ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮ ಶಾಲೆಗೆ ಹಾಕಿದ ವಿವಾದ ಕಾಸರಗೋಡಿನಲ್ಲಿ ಎಷ್ಟು ಸಲ ಆಯಿತು ಅಂತ ನಿಮಗೇ ಗೊತ್ತು. ಮಕ್ಕಳು, ತಂದೆತಾಯಿಗಳು ಬಿಸಿಲಲ್ಲಿ ನಿಂತು ಹೋರಾಡಿದ್ದಾರೆ. ಆ ಹೋರಾಟಕ್ಕೆ ಬೇಕಾಗಿದ್ದು ಒಂದೇ ಮಾಹಿತಿ: ಈ ಹುದ್ದೆಗೆ ಬಂದವರು ಕನ್ನಡ ಓದಿದ್ದಾರಾ ಇಲ್ವಾ? ಅದನ್ನು ಕೇಳೋಕೆ ಮಾಹಿತಿ ಹಕ್ಕು ಕಾಯ್ದೆ ಇತ್ತು, ಹತ್ತು ರೂಪಾಯಿ ಶುಲ್ಕ. ಆ ಕಾಯ್ದೆಯ 8(1)(ಜೆ)ಯಲ್ಲಿ ವೈಯಕ್ತಿಕ ಮಾಹಿತಿ ಕೊಡಬೇಕಾಗಿಲ್ಲ ಅಂತ ಇದ್ದರೂ, ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇದ್ದರೆ, ಜನರ ಹಿತ ದೊಡ್ಡದಾಗಿದ್ದರೆ ಕೊಡಬೇಕು ಅಂತಾನೂ ಅಲ್ಲೇ ಇತ್ತು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಷರತ್ತನ್ನು ಕತ್ತರಿಸಿಹಾಕಿದೆ. ಈಗ "ಇದು ವೈಯಕ್ತಿಕ ಮಾಹಿತಿ" ಅಂತ ಒಂದು ಸಾಲು ಬರೆದು ಅರ್ಜಿ ವಾಪಸ್ ಕಳಿಸೋದು ಸುಲಭ. ನಿಮ್ಮ ಊರಿನ ಶಿಕ್ಷಕರ ವಿದ್ಯಾರ್ಹತೆ ಅವರ ಖಾಸಗಿ ವಿಷಯವಂತೆ. ನಿಮ್ಮ ಕೈಬೆರಳ ಗುರುತು ಮಾತ್ರ ರೇಷನ್ ಅಂಗಡಿಯಲ್ಲಿ ಒತ್ತಿ ಬರಬೇಕು!

ಇದಕ್ಕೆ ನಾವು ಮಾಡಬಹುದಾದದ್ದು ಇದೆ. ಹೆಸರು ಕೇಳಬೇಡಿ, ಲೆಕ್ಕ ಕೇಳಿ. "ಈ ಶಾಲೆಯಲ್ಲಿ ಮಂಜೂರಾದ ಕನ್ನಡ ಮಾಧ್ಯಮ ಹುದ್ದೆ ಎಷ್ಟು, ಭರ್ತಿಯಾಗಿದ್ದು ಎಷ್ಟು, ಅದರಲ್ಲಿ ಕನ್ನಡ ಓದಿದವರು ಎಷ್ಟು" ಅಂತ ಕೇಳಿದರೆ ಅದು ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ. ಆದರೂ ನಿರಾಕರಿಸಿದರೆ ಅದೇ ಕಾಯ್ದೆಯ 8(2) ಇನ್ನೂ ಉಳಿದಿದೆ, ಜನಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಅಂತ. ಮೇಲ್ಮನವಿಯಲ್ಲಿ ಅದನ್ನು ಬರೆಯಿರಿ. ಮನೆ ವಿಳಾಸ ಕೊಡೋಕೆ ಭಯವೇ? ಅಂಚೆ ಪೆಟ್ಟಿಗೆ ಸಂಖ್ಯೆ ಕೊಟ್ಟರೆ ಸಾಕು, ಪೂರ್ತಿ ವಿಳಾಸಕ್ಕೆ ಹಟ ಹಿಡಿಯಬಾರದು ಅಂತ 2013ರಲ್ಲಿ ಕಲ್ಕತ್ತಾ ಹೈಕೋರ್ಟು ಹೇಳಿದೆ. ಅರ್ಜಿ ಯಾಕೆ ಹಾಕ್ತಿದ್ದೀರಿ ಅಂತ ಕಾರಣ ಹೇಳುವ ಅಗತ್ಯವೂ ಇಲ್ಲ. ಇನ್ನು ದೂರು, ಮನವಿ ಕೊಡೋದಾದರೆ ಸಂವಿಧಾನದ 350ನೇ ವಿಧಿ ಇದೆ: ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಮನವಿ ಕೊಡಬಹುದು. ಕನ್ನಡದಲ್ಲೇ ಬರೆಯಿರಿ.

ಅಲ್ಲಿ ಮಾತ್ರ ಹೆಸರು ಬೇಕು. ಸಹಿ ಇಲ್ಲದ ಮನವಿಗೆ ಬೆಲೆ ಇಲ್ಲ. ಅದಕ್ಕೇ ನಾವು ಹೇಳೋದು, ಎಲ್ಲರೂ ಎಲ್ಲಾ ಕಡೆ ಹೆಸರು ಹಾಕಬೇಕಾಗಿಲ್ಲ. ಊರಲ್ಲಿ ಕಳೆದುಕೊಳ್ಳೋಕೆ ಕಡಿಮೆ ಇರೋರು ಮುಂದೆ ನಿಂತು ಸಹಿ ಹಾಕಲಿ: ನಿವೃತ್ತರು, ಅಂಗಡಿ ಇಟ್ಟವರು, ಕೃಷಿಕರು. ಪರೀಕ್ಷೆ ಬರೆಯುವ ಹುಡುಗಿ ಹಿಂದೆ ಕೂತು ಮಾಹಿತಿ ಕೊಡಲಿ. ನಮ್ಮ ಪುಟ "ನಾವು" ಅಂತ ಬರೆಯೋದು ಯಾಕೆ ಅಂತ ಕೆಲವರು ಕೇಳ್ತಾರೆ. ಇದಕ್ಕೇ.

ಹಾಗೆ ನಂಬಿ ಕೊಟ್ಟ ಮಾಹಿತಿ ನಮ್ಮ ಕೈಯಲ್ಲಿ ಇರುತ್ತೆ, ಅದು ಸಣ್ಣ ಹೊಣೆ ಅಲ್ಲ. ಸಹಿ ಸಂಗ್ರಹ ಅಂತ ಗೂಗಲ್ ಫಾರ್ಮ್ ಮಾಡಿ, ಅಪ್ಪನ ಹೆಸರು, ಫೋನ್, ಹುಟ್ಟಿದ ದಿನ, ಮನೆ ವಿಳಾಸ ಎಲ್ಲಾ ಕೇಳಿ, ಬಂದ ಪಟ್ಟಿಯ ಲಿಂಕನ್ನು ಗ್ರೂಪಿಗೆ ಹಾಕೋದು ಎಲ್ಲಾ ಕಡೆ ನಡೀತಿದೆ. ಲಿಂಕ್ ಸಿಕ್ಕವರಿಗೆಲ್ಲಾ ಪಟ್ಟಿ ತೆರೆಯುತ್ತೆ. ಬೇಡದ್ದನ್ನು ಕೇಳಲೇಬೇಡಿ. ಶಾಲೆ, ತರಗತಿ ಸಾಕಾದರೆ ಹೆಸರು ಯಾಕೆ? ಕೆಲಸ ಮುಗಿದ ಮೇಲೆ ಪಟ್ಟಿ ಅಳಿಸಿ. ಹೋರಾಟದ ಫೋಟೋದಲ್ಲಿ ಸಣ್ಣ ಮಕ್ಕಳ ಮುಖ ಮಸುಕು ಮಾಡಿ. ನಮಗೆ ಫೋಟೋ ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿ, ಡಾಕ್ಯುಮೆಂಟ್ ಆಗಿ ಬೇಡ. ಡಾಕ್ಯುಮೆಂಟ್ ಆದರೆ ತೆಗೆದ ಜಾಗ, ಸಮಯ ಅದರೊಳಗೇ ಉಳಿದು ಬರಬಹುದು.

ಕೊನೆಗೆ ಕೀಬೋರ್ಡ್. ಕನ್ನಡದಲ್ಲಿ ಟೈಪ್ ಮಾಡಬೇಕು ಅನ್ನೋ ಆಸೆಗೆ ಸಿಕ್ಕ ಸಿಕ್ಕ ಕೀಬೋರ್ಡ್ ಆ್ಯಪ್ ಹಾಕಿಕೊಂಡಿರ್ತೀವಿ, ಸ್ಟಿಕ್ಕರ್ ಚೆನ್ನಾಗಿದೆ ಅಂತ. ಹಾಕುವಾಗ ಫೋನ್ ಒಂದು ಎಚ್ಚರಿಕೆ ತೋರಿಸುತ್ತೆ: ನೀವು ಟೈಪ್ ಮಾಡುವ ಎಲ್ಲವನ್ನೂ, ಪಾಸ್‌ವರ್ಡ್ ಕೂಡ, ಈ ಆ್ಯಪ್ ಸಂಗ್ರಹಿಸಬಹುದು ಅಂತ. ಸರಿ ಅಂತ ಒತ್ತಿ ಮುಂದೆ ಹೋಗ್ತೀವಿ. ಖಾತೆಗೆ ಗುಬ್ಬಿ ಅಂತ ಹೆಸರಿಟ್ಟು ಏನು ಪ್ರಯೋಜನ, ಬೆರಳಾಡಿಸಿದ್ದೆಲ್ಲಾ ಇನ್ಯಾರದ್ದೋ ಕೈಗೆ ಹೋದರೆ? ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಗೆಳೆಯರು ಇಂಡಿಕ್ ಕೀಬೋರ್ಡ್ ಅಂತ ಒಂದನ್ನು ಮಾಡಿದ್ದಾರೆ. ಮುಕ್ತ ತಂತ್ರಾಂಶ, ಒಳಗೇನಿದೆ ಅಂತ ಯಾರು ಬೇಕಾದರೂ ನೋಡಬಹುದು. ಮಲಯಾಳಂ ಜೊತೆ ಕನ್ನಡವೂ ಅದರಲ್ಲಿದೆ.

ಎಲ್ಲರೂ ಫೋನ್ ತೆಗೆಯಿರಿ ನೋಡೋಣ. ಸೆಟ್ಟಿಂಗ್ಸ್‌ಗೆ ಹೋಗಿ, ಭಾಷೆ ಮತ್ತು ಕೀಬೋರ್ಡ್ ಅಂತ ಇರುವ ಕಡೆ ಒತ್ತಿ. ಎಷ್ಟು ಕೀಬೋರ್ಡ್ ಆನ್ ಆಗಿವೆ ಅಂತ ಒಬ್ಬೊಬ್ಬರಾಗಿ ಹೇಳಿ, ತಾಳವಾಡಿಯವರಿಂದ ಶುರು ಮಾಡೋಣ.